ಎಡಕ್ಕೆ ಜೋರು, ಬಲಕ್ಕೆ ನಿಧಾನ: ನನ್ನ ಮೊದಲ ಗೇಮ್

ಗೇಮ್ ಮಾಡುವ ಆಸೆ ಹುಟ್ಟಿದಾಗ ನಾನು ಮೊದಲು ಹಿಡಿದದ್ದು ಸಿ ಪ್ಲಸ್ ಪ್ಲಸ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ. ದೊಡ್ಡ ಗೇಮ್‌ಗಳನ್ನು ಅದರಲ್ಲೇ ಬರೆಯುತ್ತಾರೆ ಅಂತ ಕೇಳಿದ್ದೆ. ಚಿತ್ರ, ಸದ್ದು, ಕೀಬೋರ್ಡ್ ನೋಡಿಕೊಳ್ಳುವ ಎಸ್‌ಡಿಎಲ್ ಲೈಬ್ರರಿಯನ್ನು (ಸಿದ್ಧ ಕೋಡ್‌ನ ಕಟ್ಟು), ಕೋಡನ್ನು ಪ್ರೋಗ್ರಾಮ್ ಆಗಿ ಮಾಡುವ ಕಂಪೈಲರ್‌ಗೆ ಜೋಡಿಸುವುದರಲ್ಲೇ ಮೂರು ವಾರ ಹೋಯಿತು. ಒಂದು ಲಿಂಕರ್ ಎರರ್ ಸರಿಮಾಡಿದರೆ ಇನ್ನೊಂದು ಬರುತ್ತಿತ್ತು. ಸ್ಕ್ರೀನ್ ಮೇಲೆ ಒಂದು ಚೆಂಡೂ ಕಾಣಲಿಲ್ಲ. ಭಾಷೆಯ ತಪ್ಪೇನಿಲ್ಲ. ಪಾಯಿಂಟರ್, ಮೆಮೊರಿ, ಬಿಲ್ಡ್, ಇವುಗಳ ಜೊತೆಗೆ ಗೇಮ್ ಹೇಗೆ ಓಡುತ್ತದೆ ಅನ್ನುವುದನ್ನೂ ಒಟ್ಟಿಗೆ ಕಲಿಯುವುದು ಹೊಸಬರಿಗೆ ಜಾಸ್ತಿಯೇ ಆಗುತ್ತದೆ.

ಆಮೇಲೆ ಪೈಥಾನ್ ಭಾಷೆಗೆ, ಅದರಲ್ಲಿ ಗೇಮ್ ಮಾಡುವ ಪೈಗೇಮ್ ಲೈಬ್ರರಿಗೆ ಬಂದೆ. ಪೈಥಾನ್ ಲೈಬ್ರರಿಗಳನ್ನು ಇಳಿಸಿಕೊಡುವ ಪಿಪ್‌ನಲ್ಲಿ ಒಂದೇ ಸಾಲಿನ ಇನ್‌ಸ್ಟಾಲ್. ಅವತ್ತೇ ಸಂಜೆ ಚೆಂಡು ಓಡಿತು. ಪೈಗೇಮ್ 2000ರಿಂದ ಇದೆ, ಅದರ ಒಳಗೆ ಕೆಲಸ ಮಾಡುವುದು ಅದೇ ಎಸ್‌ಡಿಎಲ್. ಮೂರು ವಾರ ಸಿಗದ ಲೈಬ್ರರಿ ಬೇರೆ ಬಾಗಿಲಿನಿಂದ ಸಿಕ್ಕಿತಲ್ಲ ಅಂತ ತುಂಬಾ ಖುಷಿಯಾಯಿತು.

ಪೈಗೇಮ್ ನಿಮಗಾಗಿ ಎಲ್ಲವನ್ನೂ ಮಾಡಿಕೊಡುವುದಿಲ್ಲ. ನನಗೆ ಅದು ಇಷ್ಟವಾದದ್ದೂ ಇದಕ್ಕೇ. ಪ್ರತಿ ಫ್ರೇಮ್‌ಗೂ (ಸ್ಕ್ರೀನ್ ಮೇಲೆ ಒಂದು ಸಲ ಬಿಡಿಸುವ ಚಿತ್ರ) ಹಿನ್ನೆಲೆ ಬಣ್ಣ ತುಂಬುವುದನ್ನು ಮರೆತರೆ ಚೆಂಡು ಹೋದ ದಾರಿಯೆಲ್ಲ ಬಳಿದ ಹಾಗೆ ಉಳಿದುಬಿಡುತ್ತದೆ. ಕೀ ಒತ್ತಿದ್ದು, ಮೌಸ್ ಸರಿದದ್ದು ಮುಂತಾದ ಈವೆಂಟ್‌ಗಳನ್ನು ಓದದೆ ಸುಮ್ನೆ ಲೂಪ್ ತಿರುಗಿಸಿದರೆ, ಸ್ವಲ್ಪ ಹೊತ್ತಿಗೆ ಈ ವಿಂಡೋ ಸ್ಪಂದಿಸುತ್ತಿಲ್ಲ ಅಂತ ಆಪರೇಟಿಂಗ್ ಸಿಸ್ಟಮ್ ಹೇಳುತ್ತದೆ. ಕೀ ಓದು, ಜಾಗ ಬದಲಿಸು, ಮತ್ತೆ ಬಿಡಿಸು. ಗೇಮ್ ಅಂದರೆ ಈ ಸುತ್ತು ಅನ್ನುವುದು ಆ ತಪ್ಪುಗಳಿಂದಲೇ ತಲೆಗೆ ಹೋಯಿತು.

ಜಾಸ್ತಿ ಕಲಿಸಿದ್ದು ವೇಗದ ಸಮಸ್ಯೆ. ಚೆಂಡನ್ನು ಫ್ರೇಮ್‌ಗೆ 5 ಪಿಕ್ಸೆಲ್ ಸರಿಸುತ್ತಿದ್ದೆ. ಸೆಕೆಂಡಿಗೆ 60 ಫ್ರೇಮ್ ಬರುವ ನನ್ನ ಕಂಪ್ಯೂಟರ್‌ನಲ್ಲಿ ಅದು 300 ಪಿಕ್ಸೆಲ್. 30 ಫ್ರೇಮ್ ಮಾತ್ರ ಬರುವ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಬರೀ 150. ಹಾಗಾಗಿ ಹಿಂದಿನ ಫ್ರೇಮ್‌ನಿಂದ ಎಷ್ಟು ಹೊತ್ತು ಕಳೆಯಿತು ಅಂತ ಕ್ಲಾಕ್‌ನಿಂದ ತಗೊಂಡು, 300ನ್ನು ಅದರಿಂದ ಗುಣಿಸಿದೆ. ಕಳೆದದ್ದು 16 ಮಿಲಿಸೆಕೆಂಡ್ ಆದರೆ 4.8 ಪಿಕ್ಸೆಲ್ ಸರಿಯಬೇಕು.

ಆಗ ಇನ್ನೊಂದು ವಿಚಿತ್ರ ಕಂಡಿತು. ಚೆಂಡು ಎಡಕ್ಕೆ ಜೋರಾಗಿ, ಬಲಕ್ಕೆ ನಿಧಾನವಾಗಿ ಹೋಗುತ್ತಿತ್ತು! ಒಂದು ಇಡೀ ರಾತ್ರಿ ಹುಡುಕಿದೆ. ಚೆಂಡಿನ ಜಾಗ, ಅಳತೆ ಹಿಡಿದಿಡುವ ಪೈಗೇಮ್‌ನ ರೆಕ್ಟ್ (ಆಯತ) ಪೂರ್ಣಾಂಕವನ್ನು ಮಾತ್ರ ಇಟ್ಟುಕೊಳ್ಳುತ್ತದೆ. 100ಕ್ಕೆ 4.8 ಕೂಡಿಸಿದರೆ 104.8, ಅದು 104 ಆಗುತ್ತದೆ. 100ರಿಂದ 4.8 ಕಳೆದರೆ 95.2, ಅದು 95 ಆಗುತ್ತದೆ. ಬಲಕ್ಕೆ 4, ಎಡಕ್ಕೆ 5! ಚೆಂಡಿನ ಜಾಗವನ್ನು ಬೇರೆ ವೇರಿಯಬಲ್‌ನಲ್ಲಿ ದಶಮಾಂಶ ಸಮೇತ ಇಟ್ಟುಕೊಂಡು, ಬಿಡಿಸುವ ಮುಂಚೆ ಮಾತ್ರ ರೆಕ್ಟ್‌ಗೆ ಕೊಟ್ಟೆ. ಸರಿಹೋಯಿತು.

ಎರಡನೇ ಗೇಮನ್ನು ಲವ್ ಅನ್ನುವ ಗೇಮ್ ಮಾಡುವ ಟೂಲ್‌ನಲ್ಲಿ ಮಾಡಿದೆ. ಭಾಷೆ ಲುವಾ, ತುಂಬಾ ಚಿಕ್ಕದು. ಲೋಡ್, ಅಪ್‌ಡೇಟ್, ಡ್ರಾ ಅಂತ ಮೂರು ಫಂಕ್ಷನ್ ಬರೆದರೆ ಸಾಕು, ಲೂಪನ್ನು ಅದೇ ನೋಡಿಕೊಳ್ಳುತ್ತದೆ. ಕಳೆದ ಸಮಯವನ್ನೂ ಅಪ್‌ಡೇಟ್‌ಗೆ ತಾನೇ ತಂದುಕೊಡುತ್ತದೆ. ಲುವಾದಲ್ಲಿ ಪಟ್ಟಿಯ ಎಣಿಕೆ 1ರಿಂದ ಶುರು, ಪೈಥಾನ್‌ನಿಂದ ಬಂದವರು ಎಡವುವುದು ಅಲ್ಲೇ. ಇದು ಕಲಿಯುವವರಿಗೆ ಮಾತ್ರ ಅಂದುಕೊಳ್ಳಬೇಡಿ. 2024ರಲ್ಲಿ ಹೆಸರು ಮಾಡಿದ ಬಲಾಟ್ರೋ ಗೇಮ್ ಲವ್‌ನಲ್ಲೇ ಆಗಿದ್ದು.

ಬ್ರೌಸರ್‌ನಲ್ಲೇ ಆಡಿಸಬೇಕು ಅಂದರೆ ಜಾವಾಸ್ಕ್ರಿಪ್ಟ್ ಭಾಷೆ ಮತ್ತು ಅದರ ಗೇಮ್ ಲೈಬ್ರರಿ ಫೇಸರ್ ನೋಡಿ. ಚಿಕ್ಕ ಮಕ್ಕಳಿಗೆ ಬ್ಲಾಕ್ ಜೋಡಿಸಿ ಪ್ರೋಗ್ರಾಮ್ ಮಾಡುವ ಸ್ಕ್ರ್ಯಾಚ್ ಒಳ್ಳೆಯದು. ಪೈಗೇಮ್‌ನ ಲೂಪ್ ಬರೆಯುವುದೂ ಭಾರ ಅನ್ನಿಸಿದರೆ ಪೈಗೇಮ್ ಝೀರೋ ಇದೆ. ಆದರೆ ಯಾರಾದರೂ ನನ್ನನ್ನೇ ಕೇಳಿದರೆ ಪೈಗೇಮ್ ಅನ್ನುತ್ತೇನೆ. ಮೊದಲ ಗೇಮ್‌ನಲ್ಲಿ ಒಂದು ಚೆಂಡು, ಎರಡು ಬ್ಯಾಟ್, ಅಂಕ ಇದ್ದರೆ ಸಾಕು ಅಲ್ವಾ?

ಈಗ ಗೊಡೊ ಅನ್ನುವ ಗೇಮ್ ಎಂಜಿನ್ ಕಲಿಯುತ್ತಿದ್ದೇನೆ. 2014ರಿಂದ ಅದರ ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿದೆ, ಅದರ ಭಾಷೆ ಜಿಡಿಸ್ಕ್ರಿಪ್ಟ್ ನೋಡಲು ಪೈಥಾನ್ ಥರಾನೇ ಇದೆ. ಸೀನ್, ನೋಡ್, ಸಿಗ್ನಲ್ ಅಂತ ಮೊದಲೇ ತಿಳಿಯಬೇಕಾದದ್ದು ಬಹಳ. ಆದರೆ ಪ್ರತಿ ಫ್ರೇಮ್‌ಗೂ ಓಡುವ ಪ್ರೋಸೆಸ್ ಫಂಕ್ಷನ್ ತೆರೆದಾಗ ಬ್ರಾಕೆಟ್ ಒಳಗೆ ಡೆಲ್ಟಾ ಅಂತ ಇತ್ತು. ಹಿಂದಿನ ಫ್ರೇಮ್‌ನಿಂದ ಕಳೆದ ಹೊತ್ತು ಅನ್ನುವ ಆ ಒಂದು ಪದವನ್ನು ಯಾರೂ ವಿವರಿಸಬೇಕಾಗಲಿಲ್ಲ. ನೇರವಾಗಿ 300ನ್ನು ಅದರಿಂದ ಗುಣಿಸಿದೆ.