ಬಾಡಿಗೆದಾರರಿದ್ದ ಮನೆಯನ್ನು ನಾನೇ ಮಾರಿದ್ದು

ಬಾಡಿಗೆಗೆ ಕೊಡುತ್ತಿದ್ದ ಎರಡು ಮನೆಗಳನ್ನು ನಾನು ಬೇರೆ ಬೇರೆ ಕಾಲದಲ್ಲಿ ಮಾರಿದ್ದೇನೆ. ಖಾಲಿಯಿದ್ದದ್ದು ಏಜೆಂಟ್ ಮೂಲಕ ಹೋಯಿತು. ಬಾಡಿಗೆದಾರರು ವಾಸವಿದ್ದದ್ದನ್ನು ನಾನೇ ಮಾರಿದೆ. ‘ಕಮಿಷನ್ ಎಷ್ಟು ಉಳಿಸಿದಿರಿ?’ ಎಂದೇ ಎಲ್ಲರೂ ಕೇಳುತ್ತಾರೆ. ಇಡೀ ವ್ಯವಹಾರದಲ್ಲಿ ಅದು ಚಿಕ್ಕ ಬಾಬತ್ತು.

ವಾಸಕ್ಕೆ ಕೊಳ್ಳುವವರು ಅಡುಗೆಮನೆಗೆ ಬೆಳಕು ಬರುತ್ತದೆಯೇ ಎಂದು ನೋಡುತ್ತಾರೆ. ಹೂಡಿಕೆಗೆ ಕೊಳ್ಳುವವರಿಗೆ ಬೇಕಾಗಿರುವುದು ಖರ್ಚು ಕಳೆದು ಉಳಿಯುವ ಮೊತ್ತ. ವರ್ಷದ ಬಾಡಿಗೆ 100 ಎಂದಿಟ್ಟುಕೊಳ್ಳಿ. ತೆರಿಗೆ, ವಿಮೆ, ದುರಸ್ತಿ, ಮನೆ ಖಾಲಿ ಬೀಳುವ ತಿಂಗಳುಗಳು ಇವಕ್ಕೆಲ್ಲ 30 ಹೋದರೆ ನಿವ್ವಳ 70. (ಸಾಲದ ಕಂತನ್ನು ಇದರಲ್ಲಿ ಸೇರಿಸುವುದಿಲ್ಲ, ಸಾಲ ಮಾಲೀಕನದು, ಮನೆಯದಲ್ಲ.) ಹಾಕಿದ ಹಣಕ್ಕೆ ಶೇ 5 ಬಂದರೆ ಸಾಕು ಎನ್ನುವವನು ಈ ಮನೆಗೆ 1400 ಕೊಡಬಲ್ಲ. ಶೇ 7 ಬೇಕೆನ್ನುವವನು 1000ಕ್ಕೆ ನಿಲ್ಲುತ್ತಾನೆ. ಶೇ 5ರ ಲೆಕ್ಕದಲ್ಲೇ ನಿವ್ವಳ ಆದಾಯ ಕೇವಲ 2 ಹೆಚ್ಚಾದರೆ ಬೆಲೆ 40 ಏರುತ್ತದೆ. 1400ರ ಮೇಲೆ ಶೇ 2ರ ಕಮಿಷನ್ ಎಂದರೆ 28. ಏಜೆಂಟನೊಂದಿಗೆ ಜಗ್ಗಾಡುವುದಕ್ಕಿಂತ ಮನೆಯ ಲೆಕ್ಕವನ್ನು ಸರಿಪಡಿಸಿಕೊಳ್ಳುವುದೇ ಲಾಭ ಎಂದು ನನಗೆ ಅನ್ನಿಸಿದ್ದು ಇದರಿಂದ.

ಹಾಗಾಗಿ ಮಾರುವ ಮಾತೆತ್ತುವ ಮೊದಲು, ಕರಾರು ನವೀಕರಿಸುವಾಗ, ಹಿಂದೆ ಬಿದ್ದಿದ್ದ ಬಾಡಿಗೆಯನ್ನು ಸುತ್ತಲಿನ ದರಕ್ಕೆ ಹತ್ತಿರ ತಂದೆ. ಕರಾರು ಒಪ್ಪುವಷ್ಟು ಮಾತ್ರ. ಬಾಡಿಗೆ ಕರಾರು, ಬಾಡಿಗೆ ಜಮೆಯಾದ ಬ್ಯಾಂಕ್ ವಿವರ, ತೆರಿಗೆ ರಸೀದಿ, ದುರಸ್ತಿಯ ಬಿಲ್ಲುಗಳನ್ನು ಒಂದೇ ಕಡತದಲ್ಲಿ ಜೋಡಿಸಿದೆ. ದಾಖಲೆಯಿಲ್ಲದ ಮಾತಿಗೆ ಹೂಡಿಕೆದಾರ ಬೆಲೆ ಕೊಡುವುದಿಲ್ಲ, ಬೆಲೆ ಕಡಿತ ಮಾಡುತ್ತಾನೆ.

ಮೊದಲು ತಿಳಿಸಿದ್ದು ಬಾಡಿಗೆದಾರರಿಗೆ. ಅಪರಿಚಿತರು ಮನೆ ನೋಡಲು ಬಂದಾಗ ಅವರಿಗೆ ವಿಷಯ ಗೊತ್ತಾಗುವುದು ಸರಿಯಲ್ಲ, ಕೆಲವೊಮ್ಮೆ ಅವರೇ ಕೊಳ್ಳುವುದೂ ಉಂಟು. ನನ್ನವರು ಕೊಳ್ಳಲಿಲ್ಲ. ಆಮೇಲೆ ಅದೇ ಬೀದಿಯಲ್ಲಿ ಬಾಡಿಗೆ ಮನೆ ಇಟ್ಟುಕೊಂಡಿರುವ ಇತರ ಮಾಲೀಕರನ್ನು ಕೇಳಿದೆ. ಅಲ್ಲಿನ ಬಾಡಿಗೆ ಅವರಿಗೆ ಬಾಯಿಪಾಠ, ಹೊಗಳಿ ಒಪ್ಪಿಸಬೇಕಾದದ್ದೇನೂ ಇರಲಿಲ್ಲ. ಕೊಂಡವರು ಅವರಲ್ಲೊಬ್ಬರು.

ನೇರವಾಗಿ ಮಾರುವವರ ಬಳಿ ಇನ್ನೊಂದು ಬಗೆಯವರೂ ಬರುತ್ತಾರೆ. ಕೈಯಲ್ಲಿ ಹಣವಿರುವುದಿಲ್ಲ, ಮನೆ ಕೊಳ್ಳುವ ಕರಾರು ಬರೆಸಿಕೊಂಡು, ಆ ಕರಾರನ್ನೇ ಮೂರನೆಯವರಿಗೆ ಲಾಭಕ್ಕೆ ದಾಟಿಸುತ್ತಾರೆ. ಇದು ಎಲ್ಲ ಕಡೆಯೂ ಮೋಸವೆನಿಸಿಕೊಳ್ಳುವುದಿಲ್ಲ, ಆದರೆ ಮೂರನೆಯವರು ಸಿಗದಿದ್ದರೆ ನಮ್ಮ ಮನೆ ಸಿಕ್ಕಿಬೀಳುತ್ತದೆ. ಹಾಗಾಗಿ ಕೊಳ್ಳುವವರಿಂದ ಹಣವಿದೆ ಎನ್ನುವ ಬ್ಯಾಂಕಿನ ಪತ್ರ ಕೇಳಿದೆ. ನನ್ನ ಲಿಖಿತ ಒಪ್ಪಿಗೆಯಿಲ್ಲದೆ ಕರಾರನ್ನು ವರ್ಗಾಯಿಸುವಂತಿಲ್ಲ ಎಂದು ವಕೀಲರಿಂದ ಷರತ್ತು ಸೇರಿಸಿದೆ. ಏಜೆಂಟ್ ಬೇಡವೆಂದರೂ ವಕೀಲರ ಶುಲ್ಕ ಉಳಿಸಲು ಹೋಗಬಾರದು.

ಖಾಲಿ ಮನೆಯ ವಿಷಯ ಬೇರೆ. ಅದಕ್ಕೆ ವಾಸದವರೂ ಹೂಡಿಕೆದಾರರೂ ಒಟ್ಟಿಗೆ ಬರುತ್ತಾರೆ, ಅವರನ್ನು ಒಂದೇ ವಾರದಲ್ಲಿ ಕರೆತಂದು ಪೈಪೋಟಿ ಹುಟ್ಟಿಸುವುದು ಏಜೆಂಟನ ಕಸುಬು. ಅಲ್ಲಿ ಕೊಟ್ಟ ಕಮಿಷನ್ ಬಗ್ಗೆ ನನಗೆ ಬೇಸರವಿಲ್ಲ. ಆದರೆ ಅವರ ಒಪ್ಪಂದದಲ್ಲಿ ಒಂದು ಸಾಲಿರುತ್ತದೆ: ಅವಧಿ ಮುಗಿದ ಮೇಲೂ, ಅವರು ಪರಿಚಯಿಸಿದವರು ಇಂತಿಷ್ಟು ದಿನಗಳೊಳಗೆ ಕೊಂಡರೆ ಕಮಿಷನ್ ಕೊಡಬೇಕು. ಹಾಗೆ ಪರಿಚಯಿಸಿದವರ ಹೆಸರುಗಳನ್ನು ಬರೆದುಕೊಡಲು ಕೇಳಿದೆ. ಅವರು ಮುಖ ಸಿಂಡರಿಸಿದರೂ ಕೊಟ್ಟರು.

ನೋಂದಣಿಯ ದಿನ ಬಾಡಿಗೆದಾರರ ಠೇವಣಿಯನ್ನು ಬೆಲೆಯಲ್ಲಿ ಮುರಿದುಕೊಂಡೆವು, ಆ ತಿಂಗಳ ಬಾಡಿಗೆಯನ್ನು ದಿನಗಳ ಲೆಕ್ಕದಲ್ಲಿ ಹಂಚಿಕೊಂಡೆವು. ಮುಂದಿನ ಬಾಡಿಗೆ ಯಾರ ಖಾತೆಗೆ, ಠೇವಣಿ ಈಗ ಯಾರ ಬಳಿ ಎಂದು ನಾವಿಬ್ಬರೂ ಸಹಿ ಮಾಡಿದ ಪತ್ರವನ್ನು ಅಂದೇ ಬಾಡಿಗೆದಾರರ ಕೈಗೆ ಕೊಟ್ಟೆವು.