ಮ್ಯಾಥ್ಸ್ ಡೇಗೆ ಜಾಹಿತ್ ಆರ್ಫ್ ಮ್ಯಾಲೆ 20 ನಿಮಿಷ ಮಾತಾಡೋದು ಹೆಂಗ

ಡಿಸೆಂಬರ್ 22 ಹತ್ತರ ಬಂತಂದ್ರ ವಿಜಯಪುರದ ಕಾಲೇಜ್‌ಗಳೊಳಗ ಸುರು ಆಗ್ತೈತಿ ನೋಡ್ರಿ, ಯಾರರೆ ಒಬ್ಬ ಗಣಿತಜ್ಞರ ಮ್ಯಾಲೆ ಸೆಮಿನಾರ್ ಕೊಡ್ರಿ ಅಂತ ಎಚ್‌ಒಡಿ ಸರ್ ಹೇಳ್ತಾರ, ಎಲ್ಲಾರೂ ಹೋಗಿ ರಾಮಾನುಜನ್‌ರನ್ನ ಹಿಡೀತಾರ, 1729 ಟ್ಯಾಕ್ಸಿ ಕತಿ ಒಂದ ದಿನದಾಗ ನಾಕು ಸಲ ಕೇಳಬೇಕು. ಅವರ ಹುಟ್ಟಿದ ದಿನಾನ ಅದು, ಹೇಳೋದು ತಪ್ಪಲ್ಲ, ಆದ್ರ ನಾಕನೇದವರು ಹೇಳೂ ಹೊತ್ತಿಗೆ ಹಿಂದಿನ ಬೆಂಚು ಖಾಲಿ ಆಗಿರ್ತೈತಿ. ಹಂಗಾಗಿ ಬಿಎಸ್ಸಿ ಹುಡುಗ್ರಿಗೆ ನಾ ಹೇಳೋದು ತುರ್ಕಿಯ ಜಾಹಿತ್ ಆರ್ಫ್ ತಗೋರಿ ಅಂತ. ಕಾರಣ ಒಂದ, ಅವರ ಗಣಿತದ ಒಂದು ತುಣುಕು 0 ಮತ್ತ 1 ಅಷ್ಟ ಗೊತ್ತಿದ್ದವರಿಗೂ ಬೋರ್ಡ್ ಮ್ಯಾಲೆ ಮಾಡಿ ತೋರಿಸಾಕ ಬರ್ತೈತಿ. ಗಣಿತಜ್ಞರ ಮ್ಯಾಲೆ ಮಾತು ಅಂದಮ್ಯಾಲೆ ಅವರು ಮಾಡಿದ ಗಣಿತ ಸ್ವಲ್ಪರೆ ಬರಬೇಕ್ರಿ, ಇಲ್ಲಾಂದ್ರ ಅದು ಬರೇ ಬಯೋಡಾಟಾ.

ಯೂನಿವರ್ಸಿಟಿ ನಡೆಸಿದವರ ಕತಿನ ಬೇಕು ಅಂತ ಸರ್ ಹೇಳಿದ್ರ ಬ್ಯಾರೆ ಹೆಸರೂ ಅದಾವ. ಸಾಲಿಹ್ ಜೆಕಿ ಅಂತ ಒಬ್ರು, 1913ರಾಗ ಇಸ್ತಾನ್‌ಬುಲ್‌ನ ದಾರುಲ್‌ಫುನೂನ್, ಅಂದ್ರ ಆವಾಗಿನ ಯೂನಿವರ್ಸಿಟಿ, ಅದರ ಮುಖ್ಯಸ್ಥರಾದವರು, ಅನಾಥ ಮಕ್ಕಳ ಸಾಲಿಯೊಳಗ ಓದಿ ಮ್ಯಾಲೆ ಬಂದವರು. ಆಮ್ಯಾಲೆ ತೋಸುನ್ ತೆರ್ಜಿಓಲು, ಸಬಾಂಜಿ ಯೂನಿವರ್ಸಿಟಿಯ ಮೊದಲ ರೆಕ್ಟರ್, ನಮ್ಮ ಕಡೆ ವೀಸಿ ಅಂತೀವಲ್ಲ ಆ ಪೋಸ್ಟು. ಅವರ ಅಪ್ಪ ನಾಜಿಮ್ ತೆರ್ಜಿಓಲು ಸುದ್ದಾ ಗಣಿತಜ್ಞರು, ಸುದ್ದಾ ರೆಕ್ಟರ್. ಮೂರೂ ಮಂದೀನ ಒಂದ ಮಾತಿನೊಳಗ ತುರುಕಾಕ ಹೋಗಬ್ಯಾಡ್ರಿ, ಯಾರೂ ನೆನಪಿನಾಗ ಉಳಿಯಂಗಿಲ್ಲ.

ಸುರು ಮಾಡೋದು ಹೆಂಗ? ನಮ್ಮೂರಾಗ ಗಣಿತದ ಮಾತು ಅಂದ್ರ ಭಾಸ್ಕರಾಚಾರ್ಯರಿಂದನ ಹೊಂಡ್ತೈತಿ, ಅವರ ಊರು ಇದನೋ ಅಲ್ಲೋ ಅನ್ನೂದ್ರಾಗ ಎಂಟು ನಿಮಿಷ ಹೋಗಿರ್ತೈತಿ, ಅದನ್ನ ಬಿಡ್ರಿ. ತುರ್ಕಿಗೂ ನಮಗೂ ಏನ್ ಸಂಬಂಧ ಅಂತ ಒಂದು ಸಾಲು ಬೇಕಾದ್ರ ಮಲಿಕ್-ಎ-ಮೈದಾನ್ ತೋಪು ಐತಲ್ಲ, ಅದನ್ನ 1549ರಾಗ ಅಹಮದನಗರದಾಗ ಎರಕ ಹೊಯ್ದಾವ ರೂಮಿ ಅನ್ನೋ ತುರ್ಕಿಯವ, ಇಷ್ಟ ಹೇಳಿ ಮುಂದ ನಡೀರಿ. ಹೆಸರು ಇಂಗ್ಲಿಷ್‌ನಾಗ ಬರೆದದ್ದು ನೋಡಿ ಕಾಹಿತ್ ಅಂತ ಓದಬ್ಯಾಡ್ರಿ ಮತ್ತ, ಜಾಹಿತ್ ಅನ್ರಿ.

ಜೀವನದ ಭಾಗ ಐದು ನಿಮಿಷದ ಮ್ಯಾಲೆ ಹೋಗಬಾರದು. 1910ರಾಗ ಥೆಸಲೋನಿಕಿಯೊಳಗ ಹುಟ್ಟಿದ್ರು, ಆವಾಗ ಅದು ಆಟೋಮನ್ ರಾಜ್ಯದಾಗ ಇತ್ತು, ಬಾಲ್ಕನ್ ಯುದ್ಧದಾಗ ಊರು ಗ್ರೀಸ್ ಕೈಗೆ ಹೋತು, ಮನಿಮಂದಿ ಇಸ್ತಾನ್‌ಬುಲ್‌ಗೆ ಬಂದ್ರು, ಅಲ್ಲಿಂದ ಅಂಕಾರಾ, ಅದಾನಾ, ಇಜ್ಮಿರ್ ಹಿಂಗ ಊರೂರು ತಿರುಗಿದ್ರು. ಇಜ್ಮಿರ್‌ನಾಗ ಒಬ್ಬ ಮಾಸ್ತರ್ರು ಈ ಹುಡುಗನ ರೇಖಾಗಣಿತ ನೋಡಿ ಗುರುತು ಹಿಡಿದ್ರು. ಮುಂದ ಫ್ರಾನ್ಸಿನ ಫ್ರಾಂಕ್ ಬೆಲಿ ಬಿದ್ದಿತ್ತು, ಅಪ್ಪ ಅದ ಟೈಮಿಗೆ ಫ್ರಾಂಕ್ ಖರೀದಿ ಮಾಡಿ ಮಗನ್ನ ಪ್ಯಾರಿಸ್ ಸಾಲಿಗೆ ಹಾಕಿದ್ರು, ಇದನ್ನ ಮಾತ್ರ ತಪ್ಪದ ಹೇಳ್ರಿ, ಪೇಟಿ ದರ ನೋಡಿ ಮಗನ ಓದು ಪ್ಲ್ಯಾನ್ ಮಾಡಿದ ಅಪ್ಪ ಅಂದ್ರ ನಮ್ಮ ಎಪಿಎಂಸಿ ಮಂದಿಗೂ ಪಟ್ಟನ ತಿಳೀತೈತಿ. ಮೂರು ವರ್ಷದ ಓದು ಎರಡ ವರ್ಷಕ್ಕ ಮುಗಿಸಿದ್ರು, ಆಮ್ಯಾಲೆ ಸರ್ಕಾರದ ಸ್ಕಾಲರ್‌ಶಿಪ್ ಸಿಕ್ತು, ಪ್ಯಾರಿಸ್‌ನ ಹೆಸರಾದ ಕಾಲೇಜು ಎಕೋಲ್ ನಾರ್ಮಲ್‌ನಾಗ ಓದಿ 1932ರಾಗ ಹೊರಗ ಬಂದ್ರು.

ಇಲ್ಲೆ ಒಂದ್ ಕ್ಷಣ ನಿಲ್ರಿ. 1933ರಾಗ ಜರ್ಮನಿಯೊಳಗ ನಾಜಿಗಳು ಯಹೂದಿ ಪ್ರೊಫೆಸರ್‌ಗಳನ್ನ ಕೆಲಸದಿಂದ ತೆಗೆದು ಹಾಕಿದ್ರು, ಅದ ವರ್ಷ ಇಸ್ತಾನ್‌ಬುಲ್ ಯೂನಿವರ್ಸಿಟಿನ ಹೊಸದಾಗಿ ಕಟ್ಟಾಕ ಹತ್ತಿದ್ರು, ರಿಚರ್ಡ್ ಫಾನ್ ಮಿಸೆಸ್‌ರಂಥ ದೊಡ್ಡ ಗಣಿತಜ್ಞರು ಅಲ್ಲಿಗೆ ಬಂದ್ರು. ಅದ ಡಿಪಾರ್ಟ್‌ಮೆಂಟಿಗೆ ಆರ್ಫ್ ಸೇರಿದ್ರು. ಆದ್ರ 1937ರಾಗ ಇವರು ಉಲ್ಟಾ ದಾರಿ ಹಿಡಿದು ಜರ್ಮನಿಯ ಗೊಟ್ಟಿಂಗನ್‌ಗೆ ಹೋದ್ರು, ಗಣಿತಜ್ಞ ಹೆಲ್ಮುಟ್ ಹಾಸ್ಸೆ ಕೈಯಾಗ 1938ರಾಗ ಪಿಎಚ್‌ಡಿ ಮುಗಿಸಿದ್ರು. ಹಾಸ್ಸೆ-ಆರ್ಫ್ ಥೀರಂ ಅಲ್ಲಿಂದ ಬಂದದ್ದು, ಅದನ್ನ ಬಿಡಿಸಿ ಹೇಳಾಕ ಹೋಗಬ್ಯಾಡ್ರಿ, ಬಿಎಸ್ಸಿಗೆ ನಿಲುಕಂಗಿಲ್ಲ.

ಈಗ ಬೋರ್ಡ್ ಕೆಲಸ, ನಿಮ್ಮ ಟೈಮಿನಾಗ ಅರ್ಧ ಇದಕ್ಕ ಇಡ್ರಿ. ಪಿಪಿಟಿ ಬ್ಯಾಡ, ಕರೆಂಟ್ ಹೋದ್ರ ಕತಿ ಮುಗೀತು, ಚಾಕ್‌ಪೀಸ್ ಸಾಕು.

ಮೊದಲ ಕೇಳ್ರಿ, ಪೂರ್ಣವರ್ಗ ಮಾಡುವಾಗ ಏನ್ ಮಾಡ್ತೀರಿ ಅಂತ. ಎಲ್ಲಾರೂ ಹೈಸ್ಕೂಲ್‌ನಾಗ ಮಾಡಿರ್ತಾರ, ನಡುವಿನ ಪದದ ಸಹಗುಣಕಾನ 2ರಿಂದ ಭಾಗಿಸ್ತೀವಿ. ಆಮ್ಯಾಲೆ ಹೇಳ್ರಿ, ಬರೇ 0 ಮತ್ತ 1 ಇರೋ ಲೆಕ್ಕ ಐತಿ, ಅಲ್ಲಿ 1+1=0, ಅಂದ್ರ 2 ಅಂದ್ರನ 0. ಈಗ 2ರಿಂದ ಭಾಗಿಸೋದು ಹೆಂಗ? ಅಲ್ಲೇ ಗಾಡಿ ನಿಂತು ಬಿಡ್ತೈತಿ. x², xy, y² ಹಂಗ ಎಲ್ಲಾ ಪದಾನೂ ಎರಡನೇ ಘಾತದ್ದ ಇದ್ರ ಅದಕ್ಕ ಫಾರ್ಮ್ ಅಂತಾರ, ಅಂಥಾ ಫಾರ್ಮ್‌ಗಳನ್ನ ವಿಂಗಡಿಸಾಕ ಉಳಿದ ಕಡೆ ಗಣಿತಜ್ಞ ಎರ್ನ್‌ಸ್ಟ್ ವಿಟ್ 1937ರಾಗ ದಾರಿ ಮಾಡಿಟ್ಟಿದ್ರು, 2 ಸೊನ್ನೆ ಆಗೋ ಈ ಜಾಗದಾಗ ದಾರಿ ಮಾಡಿದವರು ಆರ್ಫ್, ಪೇಪರ್ ಬಂದದ್ದು 1941ರಾಗ.

ಬೋರ್ಡ್ ಮ್ಯಾಲೆ ಎರಡು ಫಾರ್ಮ್ ಬರೀರಿ, ಒಂದು xy, ಇನ್ನೊಂದು x²+xy+y². x, y ಎರಡಕ್ಕೂ 0 ಇಲ್ಲಾ 1 ಹಾಕಿದ್ರ ಒಟ್ಟು ನಾಕು ಜೋಡಿ, (0,0), (1,0), (0,1), (1,1). ನಾಕು ಹುಡುಗ್ರನ್ನ ಮುಂದ ಕರೀರಿ, ಒಬ್ಬೊಬ್ಬರಿಗೆ ಒಂದೊಂದು ಜೋಡಿ ಕೊಟ್ಟು ಉತ್ತರ ಹೇಳಸ್ರಿ. ಮೊದಲನೇದಕ್ಕ 0, 0, 0, 1 ಬರ್ತೈತಿ. ಎರಡನೇದಕ್ಕ 0, 1, 1, 1, ಯಾಕಂದ್ರ ಕಡೇ ಜೋಡಿಯಾಗ 1+1+1 ಅಂದ್ರ 3, ಬೆಸ ಐತಿ, ಅದಕ್ಕ 1. ಪಂಚಾಯ್ತಿ ಎಲೆಕ್ಷನ್‌ನಾಗ ವೋಟ್ ಎಣಿಸಿದಂಗ ಎಣಿಸ್ರಿ, ಮೊದಲನೇದರಾಗ 0 ಗೆದ್ತು, ಎರಡನೇದರಾಗ 1 ಗೆದ್ತು. ಗೆದ್ದ ಅಂಕಿನ ಆರ್ಫ್ ಇನ್‌ವೇರಿಯಂಟ್. ಇಷ್ಟ.

ಇಲ್ಲೀತನ ಕುಂತವರು ಅದ್ರಾಗೇನೈತಿ ಅಂತಾರ, ಅನ್ನಲಿ. ಈಗ xy ಒಳಗ x ಇದ್ದ ಜಾಗಕ್ಕ x+y ಹಾಕಸ್ರಿ. xy+y² ಆತು, ನೋಡಾಕ ಪೂರಾ ಬ್ಯಾರೆ. ಮತ್ತ ಅದ ನಾಕು ಹುಡುಗ್ರಿಂದ ಲೆಕ್ಕ ಮಾಡಸ್ರಿ, 0, 0, 1, 0. 1 ಸಿಕ್ಕ ಹುಡುಗ ಬದಲಾದ, ಎಣಿಕೆ ಮೂರು-ಒಂದು ಹಂಗ ಉಳೀತು. ಹಿಂದಿನ ಬೆಂಚಿನವರಿಗೆ ನೀವ ಒಂದು ಬದಲಾವಣಿ ಹೇಳ್ರಿ ಅನ್ರಿ, ಉಲ್ಟಾ ಮಾಡಾಕ ಬರೋವಂಥದ್ದು ಅಷ್ಟ ಇರಬೇಕು ಅಂತ ಷರತ್ತು ಹಾಕ್ರಿ, ಅವರು ಏನ ಹೇಳಿದ್ರೂ ಗೆಲ್ಲೋದು 0ನ. ಫಾರ್ಮ್ ಎಷ್ಟ ವೇಷ ಬದಲಿಸಿದ್ರೂ ಈ ಅಂಕಿ ಬದಲಾಗಂಗಿಲ್ಲ, ಅದಕ್ಕನ ಇದಕ್ಕ ಇನ್‌ವೇರಿಯಂಟ್ ಅನ್ನೋದು.

ಟೈಮ್ ಇದ್ರ ಇನ್ನೊಂದು ಮೆಟ್ಟಲ ಏರ್ರಿ. ಎರಡನೇ ಫಾರ್ಮಿಗೆ ಅಂಥದ್ದ ಇನ್ನೊಂದು ಕೂಡಸ್ರಿ, ಆದ್ರ z, w ಅಂತ ಹೊಸ ಅಕ್ಷರದಾಗ. ಈಗ ಜೋಡಣಿ 16, ಹುಡುಗ್ರನ್ನ ನಿಲ್ಲಿಸಾಕ ಜಾಗ ಸಾಲಂಗಿಲ್ಲ, ನೀವ ಎಣಿಸ್ರಿ. ಎರಡೂ ಕಡೆ 0 ಬರೋದು 1 ಸಲ, ಎರಡೂ ಕಡೆ 1 ಬರೋದು 3×3 ಅಂದ್ರ 9 ಸಲ, ಒಟ್ಟು 0 ಬಂದದ್ದು 10, 1 ಬಂದದ್ದು 6. 1 ಗೆದ್ದ ಎರಡು ಕೂಡಿದ್ರ 0 ಗೆಲ್ತೈತಿ, 1+1=0 ಮತ್ತ ಬಂತು. ಈ ಹೊತ್ತಿಗೆ ಸರ್‌ಗಳೂ ಪೆನ್ ತಗದಿರ್ತಾರ.

ಇದಾದ ಮ್ಯಾಲೆ ತುರ್ಕಿಯ 10 ಲಿರಾ ನೋಟಿನ ಚಿತ್ರ ತೋರಸ್ರಿ, ಮುಂಚೆನ ತೋರಿಸಿದ್ರ ಕೆಲಸ ಕೆಡ್ತೈತಿ. 2009ರ ಜನವರಿ 1ಕ್ಕ ಬಂದ ಕೆಂಪು ನೋಟು, ಹಿಂದ ಆರ್ಫ್ ಮುಖ, ಬಾಜುಕ ಈಗ ನೀವು ಮಾಡಿದ್ದ ಅಂಕಿಯ ಸೂತ್ರ. ಒಂದೊಂದು ಜೋಡಿ ದಿಕ್ಕಿನಾಗ ಫಾರ್ಮಿನ ಬೆಲಿ ಗುಣಿಸಿ ಎಲ್ಲಾ ಕೂಡಸ್ರಿ ಅಂತ ಅದರಾಗ ಐತಿ, ನಮ್ಮ ಎರಡನೇ ಫಾರ್ಮಿಗೆ (1,0), (0,1) ಎರಡರಾಗೂ 1 ಬಂದಿತ್ತು, 1×1=1, ವೋಟ್ ಎಣಿಕೆನೂ ಅದನ್ನ ಹೇಳಿತ್ತು. ಎ4 ಹಾಳಿ ಮ್ಯಾಲೆ ದೊಡ್ಡದು ಮಾಡಿ ಬ್ಲ್ಯಾಕ್ ಆಂಡ್ ವೈಟ್ ಪ್ರಿಂಟ್ ತಗೋರಿ, ನೋಟಿನ ಸೈಜಿಗೆ ಕಲರ್ ಜೆರಾಕ್ಸ್ ಹೊಡಿಸಾಕ ಹೋಗಿ ಅಂಗಡಿಯವನ ಕಡೆ ಬೈಸ್ಕೋಬ್ಯಾಡ್ರಿ.

ಸಂಸ್ಥೆ ಕಟ್ಟಿದ ವಿಷಯ ಎರಡು ನಿಮಿಷ ಸಾಕು. ತುರ್ಕಿಯ ವಿಜ್ಞಾನ ಸಂಶೋಧನಾ ಮಂಡಳಿ ತುಬಿತಾಕ್ 1963ರಾಗ ಸುರು ಆದಾಗ ಅದರ ಸೈನ್ಸ್ ಬೋರ್ಡಿಗೆ ಮೊದಲ ಮುಖ್ಯಸ್ಥರು ಇವರ, ಮುಂದ ಪ್ರಿನ್ಸ್‌ಟನ್‌ಗೆ ಹೋಗಿ ಬಂದು 1967ರಿಂದ 1980ರತನ ಅಂಕಾರಾದ ಮಿಡಲ್ ಈಸ್ಟ್ ಟೆಕ್ನಿಕಲ್ ಯೂನಿವರ್ಸಿಟಿಯೊಳಗ ಕಲಿಸಿದ್ರು, 1985ರಿಂದ 1989ರತನ ತುರ್ಕಿ ಗಣಿತ ಸಂಘದ ಅಧ್ಯಕ್ಷರು, ತೀರಿಕೊಂಡದ್ದು 1997ರ ಡಿಸೆಂಬರ್ 26ಕ್ಕ. ಪ್ರಶಸ್ತಿ ಲಿಸ್ಟ್ ಓದಬ್ಯಾಡ್ರಿ, ಯಾರಿಗೂ ಬೇಕಾಗಿಲ್ಲ.

ಪ್ರಶ್ನೆ ಕೇಳೋ ಹೊತ್ತಿನಾಗ ಒಬ್ಬರರೆ ಎದ್ದು ಇದರಿಂದ ಏನ್ ಉಪಯೋಗ ಅಂತ ಕೇಳೇ ಕೇಳ್ತಾರ, ಅದಕ್ಕ ಉತ್ತರ ಮೊದಲ ತಯಾರ ಇಟ್ಕೋರಿ. 1960ರಾಗ ಮಿಷೆಲ್ ಕೆರ್ವೇರ್ ಅನ್ನೋರು ಇದ ಅಂಕಿ ಹಿಡಕೊಂಡು 10 ಆಯಾಮದ ಒಂದು ಆಕಾರ ತೋರಿಸಿದ್ರು, ಅದರ ಮ್ಯಾಲೆ ಕ್ಯಾಲ್ಕುಲಸ್ ಮಾಡೂಹಂಗ ಅದನ್ನ ನಯ ಮಾಡಾಕ ಬರಂಗಿಲ್ಲ. ಹಂಗಾದ್ರ ನಯ ಇರೋ ಆಕಾರಕ್ಕ ಯಾವ ಯಾವ ಆಯಾಮದಾಗ ಈ ಇನ್‌ವೇರಿಯಂಟ್ 1 ಆಗಬಹುದು ಅನ್ನೋ ಪ್ರಶ್ನೆ ಭಾಳ ವರ್ಷ ಎಳೀತು, 2009ರಾಗ, ಆ ನೋಟು ಬಂದ ವರ್ಷಾನ, ಹಿಲ್, ಹಾಪ್ಕಿನ್ಸ್, ರಾವೆನಲ್ ಅನ್ನೋ ಮೂವರು 126 ಒಂದನ್ನ ಬಿಟ್ಟು ಎಲ್ಲಾ ಇತ್ಯರ್ಥ ಮಾಡಿದ್ರು, ಆ 126ಕ್ಕೂ ಆಗ್ತೈತಿ ಅಂತ 2024ರಾಗ ಲಿನ್, ವಾಂಗ್, ಶು ಪೇಪರ್ ಬರೆದ್ರು. 126 ಆಯಾಮ ಅಂದ್ರ ಕಣ್ಣಿಗೆ ಹೆಂಗ ಕಾಣ್ತೈತಿ ಅಂತ ಮತ್ತ ಕೇಳಿದ್ರ, ಕಾಣಂಗಿಲ್ಲ ಅಂತ ಸೀದಾ ಹೇಳಿ ಬೋರ್ಡ್ ಒರೆಸಿ ಬರ್ರಿ, ಮುಂದಿನವರು ರಾಮಾನುಜನ್ ಹಿಡಕೊಂಡು ಕಾಯಾಕ ಹತ್ತಿರ್ತಾರ.