ವಿದೇಶ ಪ್ರವಾಸಕ್ಕೆ ಯಾವ ಕಾರ್ಡ್? ನಾನು ಲೆಕ್ಕ ಹಾಕಿ ಆರಿಸುವ ಬಗೆ

ಹೊರದೇಶದ ಖರ್ಚಿಗೆ ಕಾರ್ಡ್ ಆರಿಸುವಾಗ ನಾನು ಮೊದಲು ನೋಡುವುದು ಒಂದೇ ಅಂಕಿ. ಅಲ್ಲಿ ನೂರು ಯೂರೋ ಕೊಟ್ಟರೆ, ಎಲ್ಲ ಕಡಿತ ಸೇರಿ ಇಲ್ಲಿ ನನ್ನ ಖಾತೆಯಿಂದ ಎಷ್ಟು ರೂಪಾಯಿ ಹೋಗುತ್ತದೆ? ಪಾಯಿಂಟು, ವೋಚರು, ದೇವನಹಳ್ಳಿಯಲ್ಲಿ ಲೌಂಜ್ ಪ್ರವೇಶ ಇವೆಲ್ಲ ಆಮೇಲೆ. ಲೌಂಜ್‌ನಲ್ಲಿ ಕೂರುವುದು ಎರಡು ಗಂಟೆ, ಕಾರ್ಡ್ ಉಜ್ಜುವುದು ಪ್ರವಾಸದ ಉದ್ದಕ್ಕೂ.

ನಮ್ಮ ದೇಶದ ಬಹುತೇಕ ಸಾಮಾನ್ಯ ಕ್ರೆಡಿಟ್ ಕಾರ್ಡ್‌ಗಳಲ್ಲಿ ಫಾರೆಕ್ಸ್ ಮಾರ್ಕಪ್ ಶೇ. 3.5. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಬಿಲ್ಲನ್ನು ರೂಪಾಯಿಗೆ ಪರಿವರ್ತಿಸಿದ ಮೇಲೆ ಬ್ಯಾಂಕ್ ತನ್ನ ಪಾಲಿಗೆ ಸೇರಿಸಿಕೊಳ್ಳುವ ಶುಲ್ಕ ಇದು. ಇದರ ಮೇಲೆ ಶೇ. 18 ಜಿಎಸ್‌ಟಿ ಬೀಳುತ್ತದೆ, ಹಾಗಾಗಿ ನಿಜವಾದ ಹೊರೆ ಶೇ. 4.13. ಒಂದು ಲಕ್ಷ ರೂಪಾಯಿ ಖರ್ಚಿಗೆ 4,130 ರೂ. ಮೇಲ್ದರ್ಜೆಯ ಕೆಲವು ಕಾರ್ಡ್‌ಗಳಲ್ಲಿ ಮಾರ್ಕಪ್ ಶೇ. 2, ಅಂದರೆ ಜಿಎಸ್‌ಟಿ ಸೇರಿ 2,360 ರೂ. ಎರಡರ ನಡುವಿನ ವ್ಯತ್ಯಾಸ ಲಕ್ಷಕ್ಕೆ 1,770 ರೂ. ಆ ಮೇಲ್ದರ್ಜೆಯ ಕಾರ್ಡಿಗೆ ವರ್ಷಕ್ಕೆ 10,000 ರೂ. ಶುಲ್ಕವಿದ್ದರೆ ಜಿಎಸ್‌ಟಿ ಕೂಡಿ 11,800. ಅದನ್ನು ಮಾರ್ಕಪ್ ಉಳಿತಾಯದಿಂದಲೇ ಗಿಟ್ಟಿಸಿಕೊಳ್ಳಲು ವರ್ಷಕ್ಕೆ ಸುಮಾರು 6.7 ಲಕ್ಷ ರೂಪಾಯಿ ಹೊರಗೆ ಖರ್ಚಾಗಬೇಕು. ವರ್ಷಕ್ಕೊಂದು ಪ್ರವಾಸ ಹೋಗುವ ಕುಟುಂಬಕ್ಕೆ ಈ ಲೆಕ್ಕ ಕೂಡಿ ಬರುವುದಿಲ್ಲ.

ಅಂಥವರಿಗೆ ಮಾರ್ಕಪ್ ಇಲ್ಲದ, ವಾರ್ಷಿಕ ಶುಲ್ಕವೂ ಇಲ್ಲದ ಕಾರ್ಡೇ ಸರಿ. ಫೆಡರಲ್ ಬ್ಯಾಂಕಿನ ಸ್ಕೇಪಿಯಾ, ಐಡಿಎಫ್‌ಸಿ ಫಸ್ಟ್ ಬ್ಯಾಂಕಿನ ವಾವ್ ಬಂದದ್ದೇ ಮಾರ್ಕಪ್ ಇಲ್ಲ ಎಂಬ ಮಾತಿನ ಮೇಲೆ. ವಾವ್‌ನಂಥ ಕಾರ್ಡ್ ಎಫ್‌ಡಿ ಮೇಲೆ ಸಿಗುತ್ತದೆ. ಸಂಬಳದ ಚೀಟಿ ಇಲ್ಲದವರಿಗೂ, ನಿವೃತ್ತರಿಗೂ ಇದೇ ಸುಲಭದ ದಾರಿ. ಆದರೆ ಕಾರ್ಡಿನ ಮಿತಿ ಎಫ್‌ಡಿ ಮೊತ್ತಕ್ಕೆ ಕಟ್ಟಿಬಿದ್ದಿರುತ್ತದೆ. ಇಪ್ಪತ್ತು ಸಾವಿರದ ಎಫ್‌ಡಿ ಇಟ್ಟು ಹೊರಟರೆ ಮೊದಲ ಹೋಟೆಲಿನ ಡೆಪಾಸಿಟ್ಟಿಗೇ ಮಿತಿ ಮುಗಿಯಬಹುದು. ಬ್ಯಾಂಕ್‌ಗಳು ಈ ಷರತ್ತುಗಳನ್ನು ಆಗಾಗ ಬದಲಿಸುತ್ತವೆ. ಆದ್ದರಿಂದ ಅರ್ಜಿ ಹಾಕುವ ದಿನ ಬ್ಯಾಂಕಿನ ಜಾಲತಾಣದಲ್ಲಿ ಎಂಐಟಿಸಿ (ಕಾರ್ಡಿನ ಮುಖ್ಯ ಷರತ್ತುಗಳ ಪಟ್ಟಿ) ಎಂಬ ಪಿಡಿಎಫ್ ತೆರೆದು ‘ಫಾರಿನ್ ಕರೆನ್ಸಿ ಟ್ರಾನ್ಸಾಕ್ಷನ್’ ಸಾಲನ್ನು ಓದುತ್ತೇನೆ. ಜಾಹೀರಾತಿನ ಪುಟ ನಂಬುವುದಿಲ್ಲ.

ಮಾರ್ಕಪ್ ಇಲ್ಲದಿದ್ದರೂ ಗೂಗಲ್‌ನಲ್ಲಿ ಕಾಣುವ ದರವೇ ಸಿಗುವುದಿಲ್ಲ. ವೀಸಾ, ಮಾಸ್ಟರ್‌ಕಾರ್ಡ್ ಎರಡಕ್ಕೂ ತಮ್ಮದೇ ದೈನಿಕ ದರವಿದೆ. ಸಾಮಾನ್ಯವಾಗಿ ಅದು ಮಾರುಕಟ್ಟೆ ದರಕ್ಕಿಂತ ಅರ್ಧ ಪರ್ಸೆಂಟಿನೊಳಗೆ ಹೆಚ್ಚಿರುತ್ತದೆ. ಇಬ್ಬರ ಜಾಲತಾಣದಲ್ಲೂ ಕ್ಯಾಲ್ಕುಲೇಟರ್ ಇದೆ, ಬ್ಯಾಂಕ್ ಶುಲ್ಕ ತುಂಬುವ ಜಾಗವೂ ಇದೆ. ಅಲ್ಲಿ 4.13 ಎಂದು ತುಂಬಿ ಒಂದು ಸಲ, ಸೊನ್ನೆ ತುಂಬಿ ಇನ್ನೊಂದು ಸಲ ನೋಡಿದರೆ ಕೈಯಲ್ಲಿರುವ ಕಾರ್ಡುಗಳ ಯೋಗ್ಯತೆ ಐದು ನಿಮಿಷದಲ್ಲಿ ತಿಳಿಯುತ್ತದೆ. ಬಿಲ್ ಬ್ಯಾಂಕಿಗೆ ಸೇರಲು ಒಂದೆರಡು ದಿನ ಹಿಡಿಯುವುದರಿಂದ, ಉಜ್ಜಿದಾಗ ಬಂದ ಎಸ್ಸೆಮ್ಮೆಸ್ಸಿನ ಮೊತ್ತವೂ ಸ್ಟೇಟ್‌ಮೆಂಟಿನ ಮೊತ್ತವೂ ಸ್ವಲ್ಪ ಬೇರೆ ಇರಬಹುದು. ಅದು ತಪ್ಪಲ್ಲ.

ಈಗ ಫಾರೆಕ್ಸ್ ಕಾರ್ಡ್. ಮೊದಲೇ ಡಾಲರ್ ತುಂಬಿಸಿಕೊಂಡು ಹೋಗುವ ಈ ಪ್ರಿಪೇಯ್ಡ್ ಕಾರ್ಡನ್ನು ಬ್ಯಾಂಕಿನವರು, ಟ್ರಾವೆಲ್ ಏಜೆಂಟರು ಮೊದಲು ಮುಂದಿಡುತ್ತಾರೆ. ‘ಮಾರ್ಕಪ್ ಇಲ್ಲ’ ಎಂಬ ಮಾತು ಇಲ್ಲಿಯೂ ಕೇಳಿಸುತ್ತದೆ. ಕೊತ್ತಂಬರಿ ಸೊಪ್ಪು ಪುಕ್ಕಟೆ ಕೊಟ್ಟು ಟೊಮೆಟೊ ದರದಲ್ಲಿ ಸೇರಿಸಿಕೊಂಡ ಹಾಗೆ, ಲಾಭ ಇರುವುದು ತುಂಬಿಸುವ ದಿನದ ದರದಲ್ಲಿ. ಲೆಕ್ಕಕ್ಕೆ ಮಾರುಕಟ್ಟೆಯಲ್ಲಿ ಡಾಲರ್ 90 ರೂ. ಎಂದಿಟ್ಟುಕೊಳ್ಳಿ, ಕಾರ್ಡಿಗೆ ಹಾಕುವ ದರ 91.60. ಸಾವಿರ ಡಾಲರಿಗೆ ಅಲ್ಲೇ 1,600 ರೂ. ಹೆಚ್ಚು. ಕಾರ್ಡ್ ಕೊಡುವ ಶುಲ್ಕ 500 ಇದ್ದರೆ ಜಿಎಸ್‌ಟಿ ಸೇರಿ 590. ಹಣ ವಿನಿಮಯದ ಮೇಲೂ ಜಿಎಸ್‌ಟಿ ಇದೆ: ಒಂದು ಲಕ್ಷದವರೆಗೆ ಮೊತ್ತದ ಶೇ. 1ನ್ನು ಸೇವೆಯ ಮೌಲ್ಯ ಎಂದು ಹಿಡಿದು, ಅದರ ಮೇಲೆ ಶೇ. 18, ಕನಿಷ್ಠ 45 ರೂ. ನಮ್ಮ ಉದಾಹರಣೆಯಲ್ಲಿ ಸುಮಾರು 165 ರೂ. ಒಟ್ಟು 2,355 ರೂ., ಅಂದರೆ ಶೇ. 2.6. ಇನ್ನೂರು ಡಾಲರ್ ಉಳಿಸಿಕೊಂಡು ಬಂದರೆ ವಾಪಸ್ ಕೊಳ್ಳುವ ದರ 88.40 ಇದ್ದೀತು, ಅಲ್ಲಿ ಇನ್ನೂ 320 ರೂ. ಹೋಯಿತು, ಜೊತೆಗೆ ಮತ್ತೆ ಜಿಎಸ್‌ಟಿ.

ಹಾಗಾಗಿ ಫಾರೆಕ್ಸ್ ಕಾರ್ಡ್ ಮಾರುವವರ ಹತ್ತಿರ ನಾನು ಕೇಳುವ ಪ್ರಶ್ನೆ, ‘ಎಲ್ಲ ಸೇರಿ ಸಾವಿರ ಡಾಲರಿಗೆ ನಾನು ಎಷ್ಟು ರೂಪಾಯಿ ಕಟ್ಟಬೇಕು?’ ಎಂಬುದೊಂದೇ. ದರವನ್ನು ಮಾತಾಡಿ ಇಳಿಸಬಹುದು. ಮಾರುಕಟ್ಟೆ ದರಕ್ಕಿಂತ 40–50 ಪೈಸೆ ಮಾತ್ರ ಹೆಚ್ಚಿಗೆ ಒಪ್ಪಿಕೊಂಡು, ಕಾರ್ಡ್ ಶುಲ್ಕವನ್ನೂ ಬಿಟ್ಟರೆ ಆಗ ಈ ಕಾರ್ಡ್ ಒಳ್ಳೆಯದೇ. ರೂಪಾಯಿ ಇಳಿಯುವ ಭಯವಿದ್ದವರಿಗೆ ದರ ಇವತ್ತೇ ನಿಗದಿಯಾಗುವ ನೆಮ್ಮದಿಯೂ ಇದೆ. ಆದರೆ ಹೋಗುವ ದೇಶದ ಕರೆನ್ಸಿ ಆ ಕಾರ್ಡಿನಲ್ಲಿ ಸಿಗುತ್ತದೆಯೇ ಎಂದು ನೋಡಲೇಬೇಕು. ಡಾಲರ್ ತುಂಬಿಸಿಕೊಂಡು ವಿಯೆಟ್ನಾಮಿನಲ್ಲಿ ಡಾಂಗ್ ಖರ್ಚು ಮಾಡಿದರೆ ಹೆಚ್ಚಿನ ಕಾರ್ಡುಗಳಲ್ಲಿ ‘ಕ್ರಾಸ್ ಕರೆನ್ಸಿ’ ಶುಲ್ಕ ಬೀಳುತ್ತದೆ, ಸಾಮಾನ್ಯವಾಗಿ ಅದು ಶೇ. 2ರಿಂದ 3.5. ತುಂಬಿಸುವಾಗ ಒಮ್ಮೆ, ಖರ್ಚು ಮಾಡುವಾಗ ಇನ್ನೊಮ್ಮೆ ಕಳೆದುಕೊಂಡಂತೆ. ನೇಪಾಳ, ಭೂತಾನಿನಲ್ಲಿ ಈ ಕಾರ್ಡ್ ನಡೆಯುವುದೇ ಇಲ್ಲ.

ತೆರಿಗೆಯ ಮಾತು ಚಿಕ್ಕದು. ಫಾರೆಕ್ಸ್ ಕಾರ್ಡಿಗೆ ತುಂಬಿಸಿದ್ದು, ಡೆಬಿಟ್ ಕಾರ್ಡಿನಲ್ಲಿ ಖರ್ಚು ಮಾಡಿದ್ದು ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ (ಜನರು ಹೊರದೇಶಕ್ಕೆ ಹಣ ಒಯ್ಯಲು, ಕಳಿಸಲು ಇರುವ ಯೋಜನೆ) ಲೆಕ್ಕಕ್ಕೆ ಬರುತ್ತದೆ. ಒಂದು ಪ್ಯಾನ್‌ಗೆ ಆರ್ಥಿಕ ವರ್ಷದಲ್ಲಿ 10 ಲಕ್ಷ ದಾಟಿದ ಮೇಲಿನ ಪ್ರವಾಸ ಖರ್ಚಿಗೆ ಶೇ. 20 ಟಿಸಿಎಸ್, ಅಂದರೆ ಹಣ ಕಟ್ಟುವಾಗಲೇ ವಸೂಲಿ ಮಾಡುವ ಮುಂಗಡ ತೆರಿಗೆ, ಹಿಡಿಯುತ್ತಾರೆ. 2025ರ ಏಪ್ರಿಲ್‌ಗೆ ಮುಂಚೆ ಈ ಗಡಿ 7 ಲಕ್ಷ ಇತ್ತು. ಹೊರದೇಶದಲ್ಲಿದ್ದು ಕ್ರೆಡಿಟ್ ಕಾರ್ಡ್ ಉಜ್ಜಿದ್ದನ್ನು ಇದರಿಂದ ಹೊರಗಿಡುವುದಾಗಿ ಹಣಕಾಸು ಸಚಿವಾಲಯ 2023ರ ಜೂನ್‌ನಲ್ಲಿ ಹೇಳಿತು. ಟಿಸಿಎಸ್ ಮುಳುಗಿದ ದುಡ್ಡಲ್ಲ, ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ಆದರೆ ಮನೆಮಂದಿಯ ಖರ್ಚನ್ನೆಲ್ಲ ಒಬ್ಬರದೇ ಪ್ಯಾನ್‌ನಲ್ಲಿ ತುಂಬಿಸಿದರೆ ಅಷ್ಟು ತಿಂಗಳು ಹಣ ಸಿಕ್ಕಿಹಾಕಿಕೊಳ್ಳುತ್ತದೆ.

ಕಾರ್ಡ್ ಎಷ್ಟೇ ಒಳ್ಳೆಯದಿರಲಿ, ಅಂಗಡಿಯ ಮೆಷಿನ್ ಮುಂದೆ ಒಂದು ಗುಂಡಿ ತಪ್ಪಿದರೆ ಇಷ್ಟು ಲೆಕ್ಕವೂ ವ್ಯರ್ಥ. ಮೆಷಿನ್ ‘ಐಎನ್ಆರ್’ ಮತ್ತು ಅಲ್ಲಿನ ಕರೆನ್ಸಿ ಎರಡನ್ನೂ ತೋರಿಸಿ ಯಾವುದು ಬೇಕು ಎನ್ನುತ್ತದೆ. ಇದಕ್ಕೆ ಡಿಸಿಸಿ (ಡೈನಾಮಿಕ್ ಕರೆನ್ಸಿ ಕನ್ವರ್ಷನ್) ಎನ್ನುತ್ತಾರೆ. ರೂಪಾಯಿ ಆರಿಸಿದರೆ ದರ ನಿಗದಿ ಮಾಡುವುದು ವೀಸಾ ಅಲ್ಲ, ಆ ಮೆಷಿನ್ ಇಟ್ಟ ಕಂಪನಿ. ಅದರಲ್ಲಿ ಅವರ ಲಾಭ ಸೇರಿರುತ್ತದೆ. ಮೇಲಾಗಿ ವಿದೇಶಿ ವ್ಯಾಪಾರಿ ರೂಪಾಯಿಯಲ್ಲಿ ಬಿಲ್ ಮಾಡಿದರೆ ನಮ್ಮ ಹಲವು ಬ್ಯಾಂಕ್‌ಗಳು ಪ್ರತ್ಯೇಕ ಶುಲ್ಕ ಹಾಕುತ್ತವೆ, ಸಾಮಾನ್ಯವಾಗಿ ಶೇ. 1. ಆದ್ದರಿಂದ ಯಾವಾಗಲೂ ಅಲ್ಲಿನ ಕರೆನ್ಸಿಯನ್ನೇ ಒತ್ತುತ್ತೇನೆ. ಕೆಲವು ಕಡೆ ಮಾರಾಟಗಾರರೇ ಕೇಳದೆ ರೂಪಾಯಿ ಒತ್ತಿಬಿಡುತ್ತಾರೆ. ಪಿನ್ ಹಾಕುವ ಮೊದಲು ಪರದೆ ನೋಡಿ, ರೂಪಾಯಿ ಕಂಡರೆ ರದ್ದು ಮಾಡಿಸಿ ಮತ್ತೆ ಮಾಡಿಸಬೇಕು. ಎಟಿಎಂನಲ್ಲಿ ‘ಡಿಕ್ಲೈನ್ ಕನ್ವರ್ಷನ್’ ಎಂದು ಬರುತ್ತದೆ. ಅದನ್ನು ಒತ್ತಿದರೆ ಹಣ ಬರುವುದೇ ಇಲ್ಲ ಎಂದು ಹೆದರಿ ಹೆಚ್ಚಿನವರು ‘ಅಕ್ಸೆಪ್ಟ್’ ಒತ್ತುತ್ತಾರೆ. ಡಿಕ್ಲೈನ್ ಒತ್ತಿದರೂ ನೋಟು ಬರುತ್ತದೆ, ತಿರಸ್ಕಾರವಾಗುವುದು ಅವರ ದರ ಮಾತ್ರ. ಇಲ್ಲಿ ಕೂತು ಹೋಟೆಲ್ ಬುಕ್ ಮಾಡುವಾಗಲೂ ಇದೇ ಎಚ್ಚರ ಬೇಕು: ಬೆಲೆ ರೂಪಾಯಿಯಲ್ಲಿ ಕಂಡರೂ ಹಣ ಪಡೆಯುವ ಕಂಪನಿ ಹೊರದೇಶದ್ದಾಗಿದ್ದರೆ ಆ ಶೇ. 1 ಬೀಳಬಹುದು.

ನೋಟಿಗೆ ಬೇರೆ ಲೆಕ್ಕ. ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ಹಣ ತೆಗೆಯಬಾರದು. ನಗದು ಶುಲ್ಕದ ಜೊತೆಗೆ ಬಡ್ಡಿ ತೆಗೆದ ದಿನದಿಂದಲೇ ಓಡುತ್ತದೆ. ಅದಕ್ಕೆ ಮಾರ್ಕಪ್ ಇಲ್ಲದ ಡೆಬಿಟ್ ಕಾರ್ಡ್ ಒಂದನ್ನು ಇಟ್ಟುಕೊಳ್ಳುತ್ತೇನೆ, ಅದರ ಖಾತೆಯಲ್ಲಿ ಬೇಕಾದಷ್ಟೇ ಹಣ. ಅಲ್ಲಿನ ಎಟಿಎಂ ತನ್ನದೇ ಶುಲ್ಕ ಹಾಕುವುದನ್ನು ನಮ್ಮ ಯಾವ ಕಾರ್ಡೂ ತಡೆಯಲಾರದು. ಥಾಯ್ಲೆಂಡಿನ ಎಟಿಎಂಗಳು ವಿದೇಶಿ ಕಾರ್ಡಿಗೆ ಪ್ರತಿ ಸಲ 220 ಬಾತ್ ಹಿಡಿಯುತ್ತಾ ಬಂದಿವೆ. ಎರಡು ಸಾವಿರ ಬಾತ್ ತೆಗೆದರೆ ಅದು ಶೇ. 11, ಇಪ್ಪತ್ತು ಸಾವಿರ ತೆಗೆದರೆ ಶೇ. 1.1. ಹಾಗಾಗಿ ಅಲ್ಲಿ ದಿನಾ ಸ್ವಲ್ಪ ಸ್ವಲ್ಪ ತೆಗೆಯುವ ಅಭ್ಯಾಸ ದುಬಾರಿ. ಒಂದೇ ಸಲ ತೆಗೆಯಬೇಕು, ಇಲ್ಲವೇ ಇಲ್ಲಿಂದಲೇ ಡಾಲರ್ ನೋಟು ಒಯ್ಯಬೇಕು. ನೋಟನ್ನು ಎಂ.ಜಿ. ರೋಡ್, ಬ್ರಿಗೇಡ್ ರೋಡ್ ಕಡೆಯ ಅಂಗಡಿಗಳಲ್ಲಿ ಎರಡು ಮೂರು ಕಡೆ ದರ ಕೇಳಿ ಕೊಳ್ಳುವುದು ಮೇಲು, ವಿಮಾನ ನಿಲ್ದಾಣದ ಕೌಂಟರಿಗೆ ಉಳಿಸಿಕೊಳ್ಳಬಾರದು. ಪಾಸ್‌ಪೋರ್ಟ್, ಪ್ಯಾನ್, ಟಿಕೆಟ್ ಬೇಕು. 50,000 ರೂ. ಮತ್ತು ಅದಕ್ಕೂ ಮೇಲಿನದನ್ನು ಬ್ಯಾಂಕ್ ಮೂಲಕವೇ ಕಟ್ಟಬೇಕು. ಹೆಚ್ಚಿನ ದೇಶಗಳಿಗೆ ಒಂದು ಪ್ರವಾಸಕ್ಕೆ ನೋಟಿನ ಮಿತಿ 3,000 ಡಾಲರ್. ಗೀಚು, ಹರಿದ ಅಂಚು ಇಲ್ಲದ ನೂರರ ನೋಟೇ ಕೇಳಿ ತೆಗೆದುಕೊಳ್ಳಿ. ಆಗ್ನೇಯ ಏಷ್ಯಾದ ವಿನಿಮಯ ಅಂಗಡಿಗಳು ಚಿಕ್ಕ ನೋಟಿಗೆ ಕಡಿಮೆ ದರ ಕೊಡುತ್ತವೆ.

ಹೋಟೆಲ್ ಡೆಪಾಸಿಟ್, ಬಾಡಿಗೆ ಕಾರು ಇವೆರಡಕ್ಕೆ ಕ್ರೆಡಿಟ್ ಕಾರ್ಡೇ ಆಗಬೇಕು. ಅವರು ಹಣ ಕಡಿಯುವುದಿಲ್ಲ, ತಡೆಹಿಡಿಯುತ್ತಾರೆ. ಕ್ರೆಡಿಟ್ ಕಾರ್ಡಿನಲ್ಲಾದರೆ ಮಿತಿ ಅಷ್ಟು ಕಡಿಮೆಯಾಗುತ್ತದೆ. ಡೆಬಿಟ್ ಅಥವಾ ಫಾರೆಕ್ಸ್ ಕಾರ್ಡಿನಲ್ಲಾದರೆ ನಿಮ್ಮ ಸ್ವಂತ ದುಡ್ಡೇ ಸಿಕ್ಕಿಕೊಂಡು, ಬಿಡುಗಡೆಯಾಗಲು ವಾರಗಳೇ ಹಿಡಿಯಬಹುದು. ಕಾರು ಬಾಡಿಗೆಯವರು ಪ್ರಿಪೇಯ್ಡ್ ಕಾರ್ಡನ್ನು ಸಾಮಾನ್ಯವಾಗಿ ಒಪ್ಪುವುದೂ ಇಲ್ಲ, ಚಾಲಕರ ಹೆಸರಿನ ಕ್ರೆಡಿಟ್ ಕಾರ್ಡನ್ನೇ ಕೇಳುತ್ತಾರೆ. ಅಮೆರಿಕದ ಪೆಟ್ರೋಲ್ ಪಂಪ್ ಜಿಪ್ ಕೋಡ್ (ಅಲ್ಲಿನ ಅಂಚೆ ಪಿನ್ ಕೋಡ್) ಕೇಳಿ ನಮ್ಮ ಕಾರ್ಡ್ ತಿರಸ್ಕರಿಸಿದರೆ ಒಳಗಿನ ಕೌಂಟರಿನಲ್ಲಿ ಕೊಟ್ಟರಾಯಿತು.

ಹೊರಡುವ ವಾರ ಬ್ಯಾಂಕಿನ ಆ್ಯಪ್ ತೆರೆದು ಅಂತರರಾಷ್ಟ್ರೀಯ ಬಳಕೆ ಚಾಲೂ ಮಾಡುತ್ತೇನೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳಲ್ಲಿ ಇದು ಬಂದ್ ಆಗಿಯೇ ಬರುತ್ತದೆ. ಅಂಗಡಿ, ಎಟಿಎಂ, ಆನ್‌ಲೈನ್, ಕಾಂಟ್ಯಾಕ್ಟ್‌ಲೆಸ್ ನಾಲ್ಕಕ್ಕೂ ಬೇರೆ ಬೇರೆ ಗುಂಡಿ, ಬೇರೆ ಬೇರೆ ಮಿತಿ. ಒಂದು ಚಾಲೂ ಮಾಡಿದರೆ ಉಳಿದವು ತಾನಾಗಿ ಆಗುವುದಿಲ್ಲ. ಆನ್‌ಲೈನ್ ಅನ್ನು ಬೇಕಾದಾಗ ಮಾತ್ರ ತೆರೆಯುತ್ತೇನೆ, ಏಕೆಂದರೆ ಹಲವು ವಿದೇಶಿ ಜಾಲತಾಣಗಳು ಓಟಿಪಿ ಕೇಳದೆ ಹಣ ಕಡಿಯುತ್ತವೆ. ಪಿನ್ ನೆನಪಿದೆಯೇ ಎಂದು ಇಲ್ಲೇ ಒಂದು ಎಟಿಎಂನಲ್ಲಿ ಪರೀಕ್ಷಿಸುವುದು ಒಳ್ಳೆಯದು. ಬ್ಯಾಂಕಿಗೆ ಕೊಟ್ಟ ಸಿಮ್ ಮೇಲೆ ರೋಮಿಂಗ್ ಚಾಲೂ ಇರಬೇಕು, ಡೇಟಾ ಬಂದ್ ಇಟ್ಟರೂ ಓಟಿಪಿ ಬರುತ್ತದೆ. ಅಲ್ಲಿಯ ಸಿಮ್ ಹಾಕಲು ನಮ್ಮ ಸಿಮ್ ತೆಗೆದಿಟ್ಟರೆ ಓಟಿಪಿ ಇಲ್ಲ.

ಕಾರ್ಡುಗಳು ಎರಡು ಬ್ಯಾಂಕಿನವು, ಎರಡು ಜಾಲದವು: ಒಂದು ವೀಸಾ, ಒಂದು ಮಾಸ್ಟರ್‌ಕಾರ್ಡ್. ಒಂದು ಜೇಬಿನಲ್ಲಿ, ಇನ್ನೊಂದು ಕೋಣೆಯಲ್ಲಿ. ರುಪೇ ಹೊರದೇಶದಲ್ಲಿ ಡಿಸ್ಕವರ್, ಡೈನರ್ಸ್, ಜೆಸಿಬಿಯಂಥ ಜಾಲಗಳ ಮೇಲೆ ಓಡುವುದರಿಂದ ಅದೊಂದನ್ನೇ ನಂಬಿ ಹೋಗುವುದು ಬೇಡ. ಯುಪಿಐ ಸಿಂಗಪುರ, ಯುಎಇ, ಶ್ರೀಲಂಕಾ, ಮಾರಿಷಸ್, ನೇಪಾಳ, ಭೂತಾನಿನ ಆಯ್ದ ಅಂಗಡಿಗಳಲ್ಲಿ ನಡೆಯುತ್ತದೆ. ಆ್ಯಪ್‌ನಲ್ಲಿ ‘ಯುಪಿಐ ಇಂಟರ್‌ನ್ಯಾಷನಲ್’ ಮೊದಲೇ ತೆರೆದಿರಬೇಕು. ಲಂಡನ್ನಿನ ಮೆಟ್ರೋ, ಬಸ್ಸಿಗೆ ಟಿಕೆಟ್ ಬದಲು ಕಾಂಟ್ಯಾಕ್ಟ್‌ಲೆಸ್ ಕಾರ್ಡನ್ನೇ ಮುಟ್ಟಿಸಬಹುದು. ದಿನಕ್ಕೆ ಇಷ್ಟಕ್ಕಿಂತ ಹೆಚ್ಚು ಹಿಡಿಯುವುದಿಲ್ಲ ಎಂಬ ಮಿತಿಯ ಲಾಭ ಸಿಗಬೇಕಾದರೆ ಬೆಳಗಿನಿಂದ ರಾತ್ರಿವರೆಗೆ ಒಂದೇ ಕಾರ್ಡ್ ಬಳಸಬೇಕು, ಒಮ್ಮೆ ಕಾರ್ಡು ಒಮ್ಮೆ ಫೋನು ಮುಟ್ಟಿಸಿದರೆ ಎರಡು ಲೆಕ್ಕವಾಗುತ್ತದೆ.

ಮರಳಿದ ದಿನ ಅಂತರರಾಷ್ಟ್ರೀಯ ಗುಂಡಿಗಳೆಲ್ಲ ಬಂದ್. ಸ್ಟೇಟ್‌ಮೆಂಟಿನಲ್ಲಿ ಮಾರ್ಕಪ್ ಕೆಲವು ಬ್ಯಾಂಕ್‌ಗಳಲ್ಲಿ ಬೇರೆ ಸಾಲಿನಲ್ಲಿ ಬರುತ್ತದೆ, ಕೆಲವರು ದರದೊಳಗೇ ಸೇರಿಸುತ್ತಾರೆ. ದೊಡ್ಡದೊಂದು ಬಿಲ್ ಹಿಡಿದು ಆ ದಿನದ ವೀಸಾ ಅಥವಾ ಮಾಸ್ಟರ್‌ಕಾರ್ಡ್ ದರದ ಜೊತೆ ತಾಳೆ ನೋಡಿದರೆ ಯಾವುದು ಎಂದು ತಿಳಿಯುತ್ತದೆ. ಗುರುತಿಲ್ಲದ ವಹಿವಾಟು ಕಂಡರೆ, ಅದರ ಬಗ್ಗೆ ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನದೊಳಗೆ ಬ್ಯಾಂಕಿಗೆ ತಿಳಿಸಿ. ಮೂರನೆಯವರು ಮಾಡಿದ ವಂಚನೆಯಾದರೆ ಆ ಅವಧಿಯಲ್ಲಿ ತಿಳಿಸಿದವರ ಮೇಲೆ ಹೊಣೆ ಬರುವುದಿಲ್ಲ ಎಂಬುದು 2017ರಿಂದ ರಿಸರ್ವ್ ಬ್ಯಾಂಕಿನ ನಿಯಮ. ಉಳಿದ ಡಾಲರ್ ನೋಟುಗಳಲ್ಲಿ 2,000ದವರೆಗೆ ಮುಂದಿನ ಪ್ರವಾಸಕ್ಕೆ ಇಟ್ಟುಕೊಳ್ಳಬಹುದು, ಅದಕ್ಕಿಂತ ಹೆಚ್ಚಿದ್ದರೆ ಬಂದ 180 ದಿನದೊಳಗೆ ಮಾರಬೇಕು.